ಎದ್ದು ನಿಲ್ಲಿಸಿಯೂ ಒಮ್ಮೆ ಬಿಪಿ ನೋಡಿ: ಹಾಸನ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಹಾಸನ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ ನಮಸ್ಕಾರಗಳು.

ನಾನು ಆಲೂರು ಕಡೆಯವಳು. ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾಗಿದ್ದೇನೆ. ಈಗಲೂ ಅಕ್ಕಪಕ್ಕದ ಊರಿನವರು ಬಿಪಿ ನೋಡಿಸಿಕೊಳ್ಳಲು, ಮಾತ್ರೆ ಚೀಟಿ ಓದಿಸಿಕೊಳ್ಳಲು ಮನೆಗೆ ಬರುತ್ತಾರೆ. ಬರುವವರಲ್ಲಿ ಹೆಚ್ಚಿನವರು ಅರವತ್ತೈದು ದಾಟಿದವರು. ಅವರ ಪರವಾಗಿ ನಿಮ್ಮನ್ನು ಒಂದು ಮಾತು ಕೇಳಬೇಕಿದೆ. ಈ ವಿಷಯ ಇಲಾಖೆಗೆ ಎಷ್ಟು ಮುಖ್ಯವೋ ಮನೆಯವರಿಗೂ ಅಷ್ಟೇ ಮುಖ್ಯ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಕೇಳುವುದು ಇಷ್ಟೇ. ವಯಸ್ಸಾದವರ ಬಿಪಿಯನ್ನು ಕೂರಿಸಿ ನೋಡಿದ ಮೇಲೆ, ಎದ್ದು ನಿಲ್ಲಿಸಿಯೂ ನೋಡಿ. ಎರಡೂ ನಂಬರ್ ಬರೆದುಕೊಡಿ. ಮಾತ್ರೆ ಶುರು ಮಾಡುವ ಮೊದಲು ನೋಡಿ, ಡೋಸ್ ಏರಿಸುವ ಮೊದಲು ನೋಡಿ, ಏರಿಸಿದ ಮೇಲೆ ಇನ್ನೊಮ್ಮೆ ನೋಡಿ. ಇದಕ್ಕೆ ಹೊಸ ಮೆಷಿನ್ ಬೇಡ. ಒಬ್ಬರಿಗೆ ಐದಾರು ನಿಮಿಷ ಜಾಸ್ತಿ ಬೇಕು, ಬೆನ್ನಿಗೆ ಆಸರೆ ಇರುವ ಒಂದು ಕುರ್ಚಿ ಬೇಕು.

2025ರ ಜೂನ್, ಜುಲೈ ತಿಂಗಳನ್ನು ನಮ್ಮ ಜಿಲ್ಲೆಯವರು ಯಾರೂ ಮರೆಯುವ ಹಾಗಿಲ್ಲ. ಬೆಳಗಾದರೆ ಹಾಸನದಲ್ಲಿ ಹೃದಯಾಘಾತ ಎಂಬ ಸುದ್ದಿ. ಚಿಕ್ಕ ವಯಸ್ಸಿನವರ ಫೋಟೋಗಳು. ಜನ ಹೆದರಿ ಇಸಿಜಿಗೆ ಸಾಲು ನಿಂತರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನೂಕುನುಗ್ಗಲಾಯಿತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಾವು ಅಸಹಜವಾಗಿ ಏರಿಲ್ಲ, ಎಲ್ಲ ಕಡೆ ಇರುವ ಕಾರಣಗಳೇ ಇಲ್ಲೂ ಕಾಣುತ್ತಿವೆ ಎಂದು ವರದಿ ಬಂತು. ಬಿಪಿ, ಸಕ್ಕರೆ ಕಾಯಿಲೆ, ತಂಬಾಕು, ಬೊಜ್ಜು.

ಆ ಗಾಬರಿಯಿಂದ ಒಂದು ಒಳ್ಳೆಯದಾಯಿತು. ಬಿಪಿ ನೋಡಿಸಿಕೊಳ್ಳಬೇಕು ಎಂಬ ಮಾತು ಎಲ್ಲರ ಮನೆ ಸೇರಿತು. ಆದರೆ ಗಮನವೆಲ್ಲ ನಲವತ್ತರ ಆಸುಪಾಸಿನವರ ಮೇಲೆ ಹೋಯಿತು. ಅದು ಸಹಜವೇ. ಆದರೂ ಬಿಪಿ ಹೆಚ್ಚಾಗಿ ಇರುವುದು ಹಿರಿಯರಲ್ಲಿ. ಅವರ ಮೈಯಲ್ಲಿ ಅದು ನಡೆದುಕೊಳ್ಳುವ ರೀತಿಯೇ ಬೇರೆ. ಮೂವತ್ತೈದರ ಡ್ರೈವರ್‌ಗೆ ನೋಡಿದ ಹಾಗೆ ಎಂಬತ್ತರ ಅಜ್ಜಿಗೂ ನೋಡಿ, ಅದೇ ಲೆಕ್ಕದಲ್ಲಿ ಮಾತ್ರೆ ಕೊಟ್ಟು ಕಳಿಸಿದರೆ ಆಗುವುದಿಲ್ಲ.

ಶಿಬಿರಗಳಲ್ಲಿ ಏನು ನಡೆಯುತ್ತದೆ ಎಂದು ನಿಮಗೆ ಗೊತ್ತಿರುತ್ತದೆ. ಆದರೂ ಹತ್ತಿರದಿಂದ ಹೇಳುತ್ತೇನೆ. ಸಮುದಾಯ ಭವನದಲ್ಲಿ ಟೇಬಲ್ ಹಾಕಿರುತ್ತಾರೆ. ಅಜ್ಜಿ ಏರು ಹತ್ತಿ ನಡೆದು ಬಂದಿರುತ್ತಾರೆ. ಇನ್ನೂ ಏದುಸಿರು ಬಿಡುತ್ತಿರುತ್ತಾರೆ. ಶಾಲೆಯಿಂದ ತಂದ ಬೆಂಚು, ಬೆನ್ನಿಗೆ ಆಸರೆ ಇಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ. ರವಿಕೆ ತೋಳಿನ ಮೇಲೆಯೇ ಪಟ್ಟಿ ಸುತ್ತುತ್ತಾರೆ. ಕೈ ಜೋತು ಬಿದ್ದಿರುತ್ತದೆ. ಒಂದು ಕಡೆ ಪಟ್ಟಿಗೆ ಗಾಳಿ ತುಂಬುತ್ತಿರುತ್ತದೆ, ಇನ್ನೊಂದು ಕಡೆ ಹೆಸರೇನು, ಆಧಾರ್ ಇದೆಯಾ, ಶುಗರ್ ಇದೆಯಾ ಎಂದು ಕೇಳುತ್ತಿರುತ್ತಾರೆ. ಅಜ್ಜಿ ಎಲ್ಲಕ್ಕೂ ಉತ್ತರ ಕೊಡುತ್ತಾರೆ. ಪಾಪ, ಶೌಚಾಲಯ ಎಲ್ಲಿದೆ ಎಂದು ಕೇಳಲು ನಾಚಿಕೆಪಟ್ಟು ಒಂದು ಗಂಟೆಯಿಂದ ತಡೆದುಕೊಂಡಿರುತ್ತಾರೆ. ನಂಬರ್ ಬರುತ್ತದೆ, 170. ಚೀಟಿಯಲ್ಲಿ ಇನ್ನೊಂದು ಮಾತ್ರೆ ಸೇರುತ್ತದೆ.

ಮಾತಾಡುವುದು, ಬೆನ್ನಿಗೆ ಆಸರೆ ಇಲ್ಲದಿರುವುದು, ಕೈ ಎದೆಯ ಮಟ್ಟಕ್ಕಿಂತ ಕೆಳಗಿರುವುದು, ಮೂತ್ರ ಕಟ್ಟಿಕೊಂಡಿರುವುದು, ತೋಳಿಗೆ ಪಟ್ಟಿ ಚಿಕ್ಕದಾಗಿರುವುದು. ಇದರಲ್ಲಿ ಪ್ರತಿಯೊಂದೂ ನಂಬರನ್ನು ಏರಿಸುತ್ತದೆ. ಎಲ್ಲ ಸೇರಿದರೆ ಸರಿಯಾಗಿರುವ ಬಿಪಿಯೂ ಕಾಯಿಲೆಯ ಹಾಗೆ ಕಾಣುತ್ತದೆ. ಐದು ನಿಮಿಷ ಸುಮ್ನೆ ಕೂರಿಸಿ, ಮಾತಾಡಿಸದೆ, ಬರಿ ತೋಳಿಗೆ ಪಟ್ಟಿ ಕಟ್ಟಿ, ಒಂದೆರಡು ನಿಮಿಷ ಬಿಟ್ಟು ಎರಡು ಸಲ ನೋಡಬೇಕು. ಅದಕ್ಕೆ ಮೊದಲಿನ ಅರ್ಧ ಗಂಟೆ ಕಾಫಿ ಬೇಡ, ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪೂ ಬೇಡ. ಮೊದಲ ಸಲ ಎರಡೂ ತೋಳಿಗೆ ನೋಡಿ, ಜಾಸ್ತಿ ಬಂದ ತೋಳನ್ನೇ ಮುಂದೆ ಲೆಕ್ಕಕ್ಕೆ ಹಿಡಿಯಬೇಕು. ನಮಗೆಲ್ಲ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದು ಇದೇ. ಒಂದೇ ದಿನ ಇನ್ನೂರು ಮುನ್ನೂರು ಜನರನ್ನು ಮುಗಿಸಬೇಕು ಎಂಬ ಟಾರ್ಗೆಟ್ ಬಂದಾಗ ಮೊದಲು ಬಿಟ್ಟುಹೋಗುವುದೂ ಇದೇ. ಸಿಬ್ಬಂದಿಯನ್ನು ನಾನು ದೂರುತ್ತಿಲ್ಲ. ಅವರಿಗೆ ಸಮಯ ಕೊಡಿ ಎಂದು ನಿಮ್ಮನ್ನು ಕೇಳುತ್ತಿದ್ದೇನೆ.

ಈಗ ನಿಲ್ಲಿಸಿ ನೋಡುವ ವಿಷಯ. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ವಯಸ್ಸು ಎಂಬತ್ತರ ಹತ್ತಿರ. ಇಂಥದ್ದೇ ಒಂದು ಶಿಬಿರದ ನಂತರ ಅವರ ಮಾತ್ರೆ ಒಂದಿದ್ದದ್ದು ಎರಡಾಯಿತು. ಆಮೇಲೆ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಕಣ್ಣು ಕತ್ತಲೆ ಬರತೊಡಗಿತು. ಬಿಪಿ ಜಾಸ್ತಿಯಾಗಿ ತಲೆ ಸುತ್ತುತ್ತಿದೆ ಎಂದು ಮನೆಯವರು ತಿಳಿದರು. ತಲೆ ಸುತ್ತಿದ ದಿನ ಅರ್ಧ ಮಾತ್ರೆ ಜಾಸ್ತಿ ಕೊಟ್ಟರು. ಒಂದು ಬೆಳಿಗ್ಗೆ ಹಂಡೆಯ ಬಿಸಿನೀರಲ್ಲಿ ಸ್ನಾನ ಮುಗಿಸಿ ಎದ್ದವರು ಬಚ್ಚಲಲ್ಲೇ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನಾನು ಹೋಗಿ ನೋಡಿದೆ. ಕೂತಾಗ ಮೇಲಿನ ನಂಬರ್ 138. ವಾಕರ್ ಹಿಡಿದು ನಿಂತ ಒಂದು ನಿಮಿಷಕ್ಕೆ 104. ಅಜ್ಜಿಯ ತುಟಿ ಬಿಳಿಚಿಕೊಂಡಿತು, ಕೂರ್ತೀನಿ ಎಂದರು. ಕಾಗದದ ಮೇಲೆ ಅವರ ಬಿಪಿ ಚೆನ್ನಾಗಿ ಹತೋಟಿಯಲ್ಲಿತ್ತು! ನಿಂತಾಗ ಏನಾಗುತ್ತದೆ ಎಂದು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಆಮೇಲೆ ಹಾಸನದಲ್ಲಿ ಡಾಕ್ಟರು ಮಾತ್ರೆ ಬದಲಿಸಿದರು, ಡೋಸ್ ಇಳಿಸಿದರು. ಈಗ ಅಜ್ಜಿಗೆ ಕಣ್ಣು ಕತ್ತಲೆ ಬರುವುದಿಲ್ಲ. ಆದರೆ ಮೊದಲಿನ ಹಾಗೆ ತೋಟದ ಕಡೆ ಹೋಗಲು ಆಗುವುದಿಲ್ಲ.

ಇದು ಯಾಕೆ ಆಗುತ್ತದೆ ಎಂದು ಮನೆಯವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಕಾಫಿ ತೋಟದಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಪೈಪ್ ನೋಡಿದ್ದೀರಲ್ಲ, ಹೊಸದರ ಹಾಗೆ ಬಾಗುವುದಿಲ್ಲ, ಗಡುಸಾಗಿರುತ್ತದೆ. ವಯಸ್ಸಾದಂತೆ ನಮ್ಮ ರಕ್ತನಾಳಗಳೂ ಹಾಗೇ ಆಗುತ್ತವೆ. ಹೃದಯ ರಕ್ತ ತಳ್ಳಿದಾಗ ಅವು ಹಿಗ್ಗುವುದಿಲ್ಲ, ಅದಕ್ಕೆ ಮೇಲಿನ ನಂಬರ್ ಏರುತ್ತದೆ. ಹಿಗ್ಗದ್ದು ಕುಗ್ಗುವುದೂ ಇಲ್ಲ, ಅದಕ್ಕೆ ಕೆಳಗಿನ ನಂಬರ್ ಇಳಿಯುತ್ತದೆ. ಹಾಗಾಗಿ ಹಿರಿಯರಲ್ಲಿ 165/70 ಎನ್ನುವಂಥ ಬಿಪಿ ತುಂಬ ಸಾಮಾನ್ಯ. ಕೆಳಗಿಂದು ಸರಿ ಇದೆ ಬಿಡಿ ಎಂದು ಸುಮ್ಮನಾಗುವ ಹಾಗಿಲ್ಲ. ಈ ವಯಸ್ಸಲ್ಲಿ ಲಕ್ವ, ಹೃದಯದ ತೊಂದರೆ ತರುವುದು ಮುಖ್ಯವಾಗಿ ಮೇಲಿನ ನಂಬರೇ.

ಇನ್ನು ನಿಲ್ಲುವ ವಿಷಯ. ಎದ್ದು ನಿಂತ ಕೂಡಲೇ ಅರ್ಧ ಲೀಟರಿನಷ್ಟು ರಕ್ತ ಹೊಟ್ಟೆ, ಕಾಲಿನ ಕಡೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿ ಇದನ್ನು ಗುರುತಿಸುವ ನರಗಳಿವೆ. ಚಿಕ್ಕವರಲ್ಲಿ ಅವು ತಕ್ಷಣ ಹೃದಯವನ್ನು ಜೋರಾಗಿ ಓಡಿಸುತ್ತವೆ, ರಕ್ತನಾಳ ಬಿಗಿಮಾಡುತ್ತವೆ, ನಮಗೆ ಏನೂ ಗೊತ್ತಾಗುವುದಿಲ್ಲ. ವಯಸ್ಸಾದವರಲ್ಲಿ ಆ ಕೆಲಸ ನಿಧಾನ. ಬಹಳ ವರ್ಷದ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಇದ್ದವರಲ್ಲಿ ಇನ್ನೂ ನಿಧಾನ. ಅದರ ಮೇಲೆ ಬಿಪಿ ಮಾತ್ರೆ ಜೋರಾದರೆ ತಲೆಗೆ ರಕ್ತ ಸಾಲುವುದಿಲ್ಲ. ನಿಂತ ಮೂರು ನಿಮಿಷದೊಳಗೆ ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದರೆ ಅದು ಕಾಯಿಲೆ ಎಂದೇ ವೈದ್ಯರ ಲೆಕ್ಕ. ಮಲಗಿಸಿ ನೋಡಿ ಆಮೇಲೆ ನಿಲ್ಲಿಸಿದರೆ ಇನ್ನೂ ಚೆನ್ನ. ಹಳ್ಳಿಯ ಉಪಕೇಂದ್ರದಲ್ಲಿ ಮಂಚ ಇಲ್ಲದಿದ್ದರೆ ಕೂರಿಸಿ ನಿಲ್ಲಿಸಿದರೂ ಸಾಕು, ಆಗ 15 ಇಳಿದರೂ ಎಚ್ಚರ ವಹಿಸಬೇಕು. ನಿಂತ ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಒಮ್ಮೆ ನೋಡಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಬೇಕು, ಹಿಂದೆ ಕುರ್ಚಿ ಇರಬೇಕು.

ಹೊಟ್ಟೆ ತುಂಬ ಊಟ ಮಾಡಿದ ಮೇಲೆ ಒಂದೆರಡು ಗಂಟೆಯೊಳಗೂ ಕೆಲವು ಹಿರಿಯರ ಬಿಪಿ ಇಳಿಯುತ್ತದೆ. ಬಿಸಿನೀರಿನ ಸ್ನಾನವೂ ರಕ್ತನಾಳ ಹಿಗ್ಗಿಸಿ ಬಿಪಿ ಇಳಿಸುತ್ತದೆ. ಮಲೆನಾಡಿನ ಚಳಿ ಮಳೆಯಲ್ಲಿ ಹೊಗೆಯಾಡುವ ಹಂಡೆ ನೀರೇ ಸುಖ, ಅದು ನನಗೂ ಗೊತ್ತು. ಸ್ನಾನ ಬಿಡಿ ಎನ್ನುತ್ತಿಲ್ಲ. ನೀರು ಹದವಾಗಿರಲಿ, ಬಚ್ಚಲಲ್ಲಿ ಕೂರಲು ಗಟ್ಟಿ ಸ್ಟೂಲ್ ಇರಲಿ, ಗೋಡೆಗೆ ಒಂದು ಹಿಡಿ ಹಾಕಿಸಿ, ಬಾಗಿಲಿಗೆ ಒಳಗಿಂದ ಅಗುಳಿ ಬೇಡ. ರಾತ್ರಿ ಮೂತ್ರಕ್ಕೆ ಏಳುವಾಗ ಹಾಸಿಗೆ ತುದಿಯಲ್ಲಿ ಒಂದೆರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಏನಾದರೂ ಹಿಡಿದು ಏಳಬೇಕು. ಒಂದು ಸಣ್ಣ ದೀಪ ರಾತ್ರಿಯಿಡೀ ಉರಿಯಲಿ.

ಇಷ್ಟು ಓದಿ ಯಾರಾದರೂ ಮಾತ್ರೆ ನಿಲ್ಲಿಸಿಬಿಟ್ಟಾರು ಎಂಬ ಭಯ ನನಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಎಂಬತ್ತು ದಾಟಿದವರಿಗೆ ಬಿಪಿ ಮಾತ್ರೆ ಕೊಟ್ಟು ಏನು ಪ್ರಯೋಜನ ಎಂದು ಒಂದು ಕಾಲದಲ್ಲಿ ವೈದ್ಯರೇ ಕೇಳುತ್ತಿದ್ದರು. 2008ರಲ್ಲಿ ಹೈವೆಟ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಎಂಬತ್ತು ಮತ್ತು ಅದಕ್ಕೂ ಮೇಲ್ಪಟ್ಟ 3,845 ಜನರನ್ನು ಸೇರಿಸಿಕೊಂಡಿದ್ದರು. ಮಾತ್ರೆ ತೆಗೆದುಕೊಂಡವರಲ್ಲಿ ಲಕ್ವದಿಂದ ಸಾಯುವುದು ಕಡಿಮೆಯಾಯಿತು, ಹೃದಯ ಸೋಲುವುದು ಬಹಳ ಕಡಿಮೆಯಾಯಿತು, ಒಟ್ಟು ಸಾವೇ ಕಡಿಮೆಯಾಯಿತು. ಅಂದರೆ ಆ ವಯಸ್ಸಲ್ಲೂ ಮಾತ್ರೆ ಜೀವ ಉಳಿಸುತ್ತದೆ. ಆದರೆ ಅವರ ಗುರಿ 150/80 ಇತ್ತು. ಇನ್ನೂ ಮುಖ್ಯವಾದ ಮಾತು ಕೇಳಿ. ಅಧ್ಯಯನಕ್ಕೆ ಸೇರಿಸಿಕೊಳ್ಳುವ ಮೊದಲು ಅವರು ಪ್ರತಿಯೊಬ್ಬರನ್ನೂ ನಿಲ್ಲಿಸಿ ಬಿಪಿ ನೋಡಿದ್ದರು. ನಿಂತಾಗ ಮೇಲಿನ ನಂಬರ್ 140ಕ್ಕಿಂತ ಕಡಿಮೆ ಇದ್ದವರನ್ನು ಸೇರಿಸಿಕೊಳ್ಳಲೇ ಇಲ್ಲ. 2015ರಲ್ಲಿ ಅಮೆರಿಕದಿಂದ ಸ್ಪ್ರಿಂಟ್ ಅಧ್ಯಯನ ಬಂತು, 120ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದಿತು. ಅಲ್ಲೂ ನಿಂತಾಗ 110ಕ್ಕಿಂತ ಕಡಿಮೆ ಇದ್ದವರನ್ನು ಬಿಟ್ಟಿದ್ದರು. ಈ ಅಧ್ಯಯನಗಳ ಭರವಸೆಯ ಮೇಲೆ ನಾವು ಹಿರಿಯರಿಗೆ ಮಾತ್ರೆ ಕೊಡುತ್ತೇವೆ. ಅವರು ಮೊದಲು ಮಾಡಿದ ಕೆಲಸವನ್ನು ಮಾತ್ರ ನಾವು ಬಿಟ್ಟುಬಿಟ್ಟಿದ್ದೇವೆ. ನನ್ನ ಇಡೀ ಪತ್ರ ಇದರ ಬಗ್ಗೆಯೇ.

ಎಷ್ಟಕ್ಕೆ ಇಳಿಸಬೇಕು ಎಂಬುದು ಎಲ್ಲರಿಗೂ ಒಂದೇ ಅಲ್ಲ. ಎಪ್ಪತ್ತೆರಡಕ್ಕೂ ಗಟ್ಟಿಮುಟ್ಟಾಗಿ ತೋಟ ಸುತ್ತುವ ಅಜ್ಜನಿಗೆ 140/90ಕ್ಕಿಂತ ಕೆಳಗೆ, ಸಹಿಸಿಕೊಂಡರೆ ಇನ್ನೂ ಸ್ವಲ್ಪ ಕೆಳಗೆ ತರಬಹುದು. ಹಾಸಿಗೆ ಹಿಡಿದ, ಎರಡು ಮೂರು ಸಲ ಬಿದ್ದ ಎಂಬತ್ತೈದರ ಅಜ್ಜಿಗೆ ಅದೇ ಗುರಿ ಇಟ್ಟರೆ ಕಷ್ಟ. ಅದನ್ನು ನೋಡುವ ಡಾಕ್ಟರು ತೀರ್ಮಾನಿಸಬೇಕು. ತೀರ್ಮಾನಿಸಲು ಅವರ ಮುಂದೆ ಎರಡು ನಂಬರ್ ಇರಬೇಕಲ್ವಾ?

ಹಿರಿಯರು ನನ್ನ ಮನೆಗೆ ಬಂದಾಗ ನಾನು ಮೊದಲು ಕೇಳುವುದು ಮಾತ್ರೆ ಕವರ್. ಮೆಷಿನ್ ಆಮೇಲೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್‌ನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಶೀಟುಗಳು. ಸುರಿದರೆ ಚಾಪೆ ತುಂಬುತ್ತದೆ. ಒಂದು ಸಕಲೇಶಪುರದ ಡಾಕ್ಟರು ಕೊಟ್ಟದ್ದು, ಒಂದು ಹಾಸನದ್ದು, ಒಂದು ಮಗ ಬೆಂಗಳೂರಿಂದ ತಂದದ್ದು. ಕಂಪನಿ ಹೆಸರು ಬೇರೆ ಬೇರೆ, ಆದರೆ ಅದರಲ್ಲಿ ಎರಡರ ಒಳಗಿರುವುದು ಆಮ್ಲೋಡಿಪಿನ್ ಎಂಬ ಒಂದೇ ಬಿಪಿ ಔಷಧಿ. ಎರಡನ್ನೂ ನುಂಗುತ್ತಿರುತ್ತಾರೆ. ಕಾಲು ಊದಿಕೊಂಡಿರುತ್ತದೆ, ಅದಕ್ಕೆ ಇನ್ನೊಬ್ಬರು ಮೂತ್ರದ ಮಾತ್ರೆ ಕೊಟ್ಟಿರುತ್ತಾರೆ. ಆಮ್ಲೋಡಿಪಿನ್‌ನಿಂದಲೇ ಕಾಲು ಊದಬಹುದು ಎಂದು ಯಾರೂ ಹೇಳಿರುವುದಿಲ್ಲ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್‌ನಂಥ ಮಾತ್ರೆಯೂ ನಿಂತಾಗ ಬಿಪಿ ಇಳಿಸುತ್ತದೆ. ಬಿಪಿ ನೋಡುವ ಡಾಕ್ಟರಿಗೆ ಅದರ ಬಗ್ಗೆ ಹೇಳಿರುವುದೇ ಇಲ್ಲ.

ಇದೆಲ್ಲಕ್ಕಿಂತ ನನ್ನನ್ನು ಜಾಸ್ತಿ ಚಿಂತೆಗೆ ಹಚ್ಚುವುದು ನೋವಿನ ಮಾತ್ರೆ. ನಮ್ಮ ಕಡೆ ಜೀವಮಾನವೆಲ್ಲ ಕಾಫಿ ಹಣ್ಣು ಕೊಯ್ದು, ಮೂಟೆ ಹೊತ್ತು, ಗದ್ದೆ ನಾಟಿ ಮಾಡಿ ಮಂಡಿ ಸವೆಸಿಕೊಂಡವರೇ ಎಲ್ಲರೂ. ಸಂತೆಗೆ ಹೋದಾಗ ಅಂಗಡಿಯಲ್ಲಿ ಡೈಕ್ಲೋಫೆನಾಕ್ ಇರುವ ಮಾತ್ರೆ ಹತ್ತು ತರುತ್ತಾರೆ. ದಿನಾ ಒಂದು, ನೋವು ಜಾಸ್ತಿ ಇದ್ದರೆ ಎರಡು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಮೈಯಲ್ಲಿ ಉಪ್ಪು ನೀರು ನಿಲ್ಲಿಸಿ ಬಿಪಿ ಏರಿಸುತ್ತವೆ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್ ಮತ್ತು ಮೂತ್ರದ ಮಾತ್ರೆಯ ಜೊತೆ ಸೇರಿದರೆ ಕಿಡ್ನಿಗೆ ದೊಡ್ಡ ಪೆಟ್ಟು. ವಾಂತಿ ಭೇದಿ ಆದ ವಾರದಲ್ಲಿ ಇನ್ನೂ ಅಪಾಯ. ಬಿಪಿ ಇಳಿಯುತ್ತಿಲ್ಲ ಎಂದು ಮೂರನೇ ಮಾತ್ರೆ ಬರೆಯುವ ಮೊದಲು, ಮಂಡಿ ನೋವಿಗೆ ಏನು ತಗೊಳ್ತೀರಿ ಎಂದು ಒಂದು ಪ್ರಶ್ನೆ ಕೇಳಬೇಕು. ಸಾಧ್ಯವಾದ ಕಡೆ ಪ್ಯಾರಾಸಿಟಮಾಲ್ ಮಿತವಾಗಿ, ಬಿಸಿ ಶಾಖ, ಮಂಡಿಗೆ ವ್ಯಾಯಾಮ. ಮೆಡಿಕಲ್ ಅಂಗಡಿಯವರ ಜೊತೆ ಇಲಾಖೆ ಒಮ್ಮೆ ಕೂತು ಈ ವಿಷಯ ಮಾತಾಡಿದರೆ ತುಂಬ ಉಪಕಾರವಾಗುತ್ತದೆ.

ಉಪ್ಪಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಹೇಗೆ ಎಂದು ಹೇಳುವುದಿಲ್ಲ. ದಿನಕ್ಕೆ 5 ಗ್ರಾಂ ಒಳಗೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಟೀ ಚಮಚಕ್ಕಿಂತ ಕಡಿಮೆ, ಅದೂ ಇಡೀ ದಿನದ ಎಲ್ಲ ಅಡುಗೆ ಸೇರಿ. ಹಲ್ಲಿಲ್ಲದ ಅಜ್ಜ ಅಜ್ಜಿಯರು ರಾತ್ರಿ ಗಂಜಿಗೆ ಮಿಡಿ ಉಪ್ಪಿನಕಾಯಿ ನೆಂಚಿಕೊಂಡು ಮಲಗುತ್ತಾರೆ. ಮಳೆಗಾಲ ಪೂರ್ತಿ ಹಪ್ಪಳ, ಸಂಡಿಗೆ, ಒಣಮೀನು. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಮುದ್ದೆಗೆ ಉಪ್ಪುಸಾರು, ಪಕ್ಕದಲ್ಲಿ ಉಪ್ಪು ಹಾಕಿ ಅರೆದ ಖಾರ. ಇವರಿಗೆ ಚಿಪ್ಸ್, ಬೇಕರಿ ತಿನ್ನಬೇಡಿ ಎಂದು ಪೋಸ್ಟರ್ ಹಾಕಿದರೆ ಅದು ಅವರಿಗೆ ತಾಗುವುದಿಲ್ಲ. ಉಪ್ಪಿನಕಾಯಿ ರಸ ಬಿಟ್ಟು ಹೋಳು ಮಾತ್ರ, ಸಾರಿಗೆ ನಿಂಬೆಹುಳಿ ಜಾಸ್ತಿ ಉಪ್ಪು ಕಡಿಮೆ, ತಟ್ಟೆಗೆ ಮೇಲುಪ್ಪು ಬೇಡ ಎಂದು ಅವರ ಅಡುಗೆಯ ಮಾತಲ್ಲೇ ಹೇಳಬೇಕು.

ಉಪ್ಪು ಪೂರ್ತಿ ಬಿಡಿಸುವ ಮನೆಗಳೂ ಇವೆ. ಅದೂ ತಪ್ಪು. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್‌ನಂಥ ಮೂತ್ರದ ಮಾತ್ರೆ ತೆಗೆದುಕೊಳ್ಳುವ ಹಿರಿಯರಲ್ಲಿ ಸೋಡಿಯಂ ತುಂಬ ಇಳಿಯಬಹುದು. ಆಗ ಅವರು ಮಂಕಾಗುತ್ತಾರೆ, ಮಾತು ತಪ್ಪುತ್ತದೆ, ತಮ್ಮ ಮನೆಯಲ್ಲೇ ಕೂತು ಮನೆಗೆ ಹೋಗೋಣ ಎನ್ನುತ್ತಾರೆ. ಮನೆಯವರು ಅರಳುಮರಳು ಎಂದುಕೊಂಡು ಬಿಡುತ್ತಾರೆ. ಎರಡು ಮೂರು ದಿನದಲ್ಲಿ ಹೀಗೆ ಬದಲಾದರೆ ಅದು ಅರಳುಮರಳಲ್ಲ. ರಕ್ತ ಪರೀಕ್ಷೆ ಮಾಡಿಸಬೇಕು, ಅದೂ ಆ ದಿನವೇ. ಸೋಡಿಯಂ, ಪೊಟ್ಯಾಶಿಯಂ, ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಮೂರನ್ನೂ ಮಾತ್ರೆ ಶುರು ಮಾಡಿದ ಕೆಲವು ವಾರದಲ್ಲಿ, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಬೇಕು. ಈಗ ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರು, ಟೆಲ್ಮಿಸಾರ್ಟನ್ ಥರದ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಬಳಸಬಾರದು.

ವಾಕಿಂಗ್ ಬಗ್ಗೆ ಒಂದು ಮಾತು. ಬೆಳಿಗ್ಗೆ ಎದ್ದು ವಾಕಿಂಗ್ ಮಾಡಿ ಎಂದು ಎಲ್ಲ ಚೀಟಿಯಲ್ಲೂ ಬರೆಯುತ್ತಾರೆ. ಆಲೂರು, ಸಕಲೇಶಪುರ, ಬೇಲೂರಿನ ತೋಟದ ಊರುಗಳಲ್ಲಿ ಬೆಳಗಿನ ಜಾವ, ಸಂಜೆ ಕಾಡಾನೆ ಇರುತ್ತವೆ. ಮಂಜಿನಲ್ಲಿ ಹತ್ತು ಮಾರು ದೂರ ಕಾಣುವುದಿಲ್ಲ. ಓಡಲಾಗದ ಮುದುಕರು ಹೇಗೆ ಹೊರಗೆ ಹೋಗುತ್ತಾರೆ? ಅವರಿಗೆ ಬಿಸಿಲು ಬಂದ ಮೇಲೆ ಕಣದಲ್ಲಿ ನಡೆಯಿರಿ, ಕುರ್ಚಿಯಲ್ಲಿ ಕೂತು ಎದ್ದು ಮಾಡಿ, ಗೋಡೆ ಹಿಡಿದು ತುದಿಗಾಲಲ್ಲಿ ನಿಲ್ಲಿ ಎಂದು ಹೇಳಿಕೊಡಬೇಕು. ಕಾಲಿನ ಸ್ನಾಯು ಗಟ್ಟಿಯಾದರೆ ನಿಂತಾಗ ರಕ್ತ ಮೇಲೆ ತಳ್ಳಲು ಅದೂ ನೆರವಾಗುತ್ತದೆ.

ಇನ್ನು ಮಾತ್ರೆ ಸಿಗುವ ವಿಷಯ. ಬಿಪಿಗೆ ನೋವಿಲ್ಲ, ಉರಿ ಇಲ್ಲ. ಹಾಗಾಗಿ ಮಾತ್ರೆ ಖಾಲಿಯಾದರೆ ಈಗ ಚೆನ್ನಾಗಿದ್ದೀನಲ್ಲ ಎಂದು ಬಿಡುತ್ತಾರೆ. ಬಿಡಲು ಇನ್ನೊಂದು ಕಾರಣ ದೂರ. ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ, ಆದರೆ ಬಸ್ ಬರುವ ರಸ್ತೆಯವರೆಗೆ ನಡೆಯಬೇಕು. ಅಜ್ಜಂದಿರಿಗೆ ಅದೂ ಇಲ್ಲ. ಆಟೋ ಮಾಡಿಕೊಂಡು ಹೋದಾಗ ಈ ವಾರ ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ ಎಂದರೆ ಸಂಧ್ಯಾ ಸುರಕ್ಷಾದ 1,200 ರೂಪಾಯಿಯಲ್ಲಿ ಅವರು ಎಷ್ಟು ಸಲ ಬರಲು ಆಗುತ್ತದೆ? ಸರ್ಕಾರ 2024ರಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಯೋಜನೆ ಶುರು ಮಾಡಿ, ಆಮೇಲೆ ಬೇರೆ ಜಿಲ್ಲೆಗಳಿಗೂ ತಂದಿದೆ. ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡಿ ಮಾತ್ರೆ ಕೊಡುವ ಯೋಜನೆ. ನನಗೆ ತುಂಬ ಖುಷಿಯಾದ ಯೋಜನೆ ಇದು. ನನ್ನ ಬೇಡಿಕೆ ಸೇರಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಜ್ಜಿಯ ಮಂಚ ಅಲ್ಲೇ ಇರುತ್ತದೆ. ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ನೋಡಬಹುದು. ಮಾತ್ರೆ ಕವರ್ ಚಾಪೆ ಮೇಲೆ ಸುರಿಸಿ ನೋಡಬಹುದು. ಬಚ್ಚಲು ಹೇಗಿದೆ ಎಂದೂ ನೋಡಬಹುದು.

ಮಳೆಗಾಲಕ್ಕೆ ಮೊದಲು, ಮೇ ಕೊನೆಯೊಳಗೆ, ಮಲೆನಾಡು ತಾಲ್ಲೂಕುಗಳ ಸ್ಥಿರವಾಗಿರುವ ಹಿರಿಯ ರೋಗಿಗಳಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ. ಜುಲೈನಲ್ಲಿ ಶಿರಾಡಿ ಘಾಟಿ ಅಂಚಿನ ಊರುಗಳಲ್ಲಿ ಗುಡ್ಡ ಕುಸಿದು, ಮರ ಬಿದ್ದು ರಸ್ತೆ ಬಂದ್ ಆಗುವುದು ನಿಮಗೆ ಗೊತ್ತೇ ಇದೆ. ರೇಷನ್ ಕೊಡುವ ದಿನ ಹೆಬ್ಬೆಟ್ಟು ಒತ್ತಲು ಹಿರಿಯರೇ ಬರುತ್ತಾರೆ. ನ್ಯಾಯಬೆಲೆ ಅಂಗಡಿಯ ಪಕ್ಕದಲ್ಲಿ ಆ ದಿನ ಒಂದು ಕುರ್ಚಿ, ಒಂದು ಮೆಷಿನ್, ಒಬ್ಬ ಸಮುದಾಯ ಆರೋಗ್ಯ ಅಧಿಕಾರಿ ಇದ್ದರೆ ಊರಿನ ಅರ್ಧ ಹಿರಿಯರನ್ನು ಅಲ್ಲೇ ನೋಡಬಹುದು. ಈ ಕೆಲಸವನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಬೇಡಿ. ಅವರ ಮೇಲೆ ಈಗಾಗಲೇ ಸಾಕಷ್ಟು ಹೊರೆ ಇದೆ. ಅವರು ಮನೆ ಗುರುತಿಸಿ ಕರೆತರಲಿ, ಅಳೆಯುವುದು ತರಬೇತಾದವರ ಕೆಲಸವಾಗಲಿ. ಮೆಷಿನ್‌ಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳಿಸಿ. ತೋಳಿನ ಪಟ್ಟಿ ಚಿಕ್ಕದು, ದೊಡ್ಡದು ಎರಡೂ ಇರಲಿ. ನಾಡಿ ಏರುಪೇರಾಗಿ ಬಡಿಯುವ ಹಿರಿಯರಲ್ಲಿ ಡಿಜಿಟಲ್ ಮೆಷಿನ್ ತಪ್ಪು ತೋರಿಸಬಹುದು, ಆದ್ದರಿಂದ ಮೊದಲು ಕೈ ಹಿಡಿದು ನಾಡಿ ನೋಡಲಿ. ಹಾಗೆ ಏರುಪೇರಾದ ನಾಡಿಯೂ ಲಕ್ವಕ್ಕೆ ದಾರಿ, ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಬೆಂಗಳೂರಲ್ಲಿರುವ ಮಕ್ಕಳಿಗೂ ಒಂದೆರಡು ಮಾತು. ಅಪ್ಪ ಅಮ್ಮನಿಗೆ ಮೆಷಿನ್ ತಂದುಕೊಟ್ಟಿದ್ದೀರಿ, ಒಳ್ಳೆಯದು. ಮಣಿಕಟ್ಟಿಗೆ ಕಟ್ಟುವುದು ಬೇಡ, ತೋಳಿಗೆ ಕಟ್ಟುವುದು ತನ್ನಿ. ದಿನಾ ಫೋನ್ ಮಾಡಿ ಇವತ್ತು ಎಷ್ಟು ಎಂದು ಕೇಳಿ ಗಾಬರಿ ಪಡಿಸಬೇಡಿ. ಡಾಕ್ಟರ ಹತ್ತಿರ ಹೋಗುವ ಮುಂಚಿನ ಒಂದು ವಾರ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಿ ಬರೆದಿಟ್ಟರೆ ಸಾಕು. ಮನೆಯಲ್ಲಿ ನೋಡಿದಾಗ 135/85 ದಾಟಿದರೆ ಅದು ಜಾಸ್ತಿ. ಆಸ್ಪತ್ರೆಯಲ್ಲಿ ಮಾತ್ರ ಏರಿ, ಮನೆಯಲ್ಲಿ ಸರಿ ಇರುವವರೂ ಇದ್ದಾರೆ. ಮಾತ್ರೆ ಬೆಳಿಗ್ಗೆಯಾ ರಾತ್ರಿಯಾ ಎಂದು ತಲೆ ಕೆಡಿಸಿಕೊಳ್ಳಬೇಡಿ. 2022ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಎರಡಕ್ಕೂ ವ್ಯತ್ಯಾಸ ಇಲ್ಲ ಎಂದು ತೋರಿಸಿತು. ಮರೆಯದೆ ತಗೊಳ್ಳುವ ಹೊತ್ತೇ ಸರಿಯಾದ ಹೊತ್ತು. ಫೋನಲ್ಲಿ ನಂಬರ್ ಕೇಳುವುದರ ಜೊತೆ ಇನ್ನೊಂದು ಕೇಳಿ. ಏಳುವಾಗ ಕಣ್ಣು ಕತ್ತಲೆ ಬರುತ್ತಾ? ಈ ತಿಂಗಳು ಎಲ್ಲಾದರೂ ಬಿದ್ದೆಯಾ? ಬಿದ್ದದ್ದನ್ನು ಹಿರಿಯರು ಮುಚ್ಚಿಡುತ್ತಾರೆ. ಮಕ್ಕಳು ಬೈಯುತ್ತಾರೆ, ಒಬ್ಬರೇ ಇರಲು ಬಿಡುವುದಿಲ್ಲ ಎಂಬ ಹೆದರಿಕೆ ಅವರಿಗೆ.

ನಂಬರ್ 180 ಬಂತೆಂದು ನಾಲಿಗೆ ಕೆಳಗೆ ಮಾತ್ರೆ ಇಟ್ಟು ಒಮ್ಮೆಲೇ ಇಳಿಸುವುದು ಬಹಳ ಅಪಾಯ. ಬೇರೆ ಏನೂ ತೊಂದರೆ ಇಲ್ಲದಿದ್ದರೆ ಸುಮ್ನೆ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಇಳಿಯದಿದ್ದರೆ ಆ ದಿನವೇ ಡಾಕ್ಟರಿಗೆ ತೋರಿಸಿ. ಬಾಯಿ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ಎದೆ ನೋವು, ಉಸಿರಾಟದ ಕಷ್ಟ ಬಂದರೆ ಬಿಪಿ ನೋಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯಷ್ಟೇ ಸಮಯ. ಲಕ್ವಕ್ಕೆ ನಾಟಿ ಔಷಧಿ ಹಾಕಿಸಲು ಅಲ್ಲಿ ಇಲ್ಲಿ ಕರೆದೊಯ್ಯುವಷ್ಟರಲ್ಲಿ ಆ ಸಮಯ ಮುಗಿದಿರುತ್ತದೆ.

ಮಾನ್ಯರೇ, ಎಂಟೂ ತಾಲ್ಲೂಕಿನ ಎಲ್ಲ ಆರೋಗ್ಯ ಕೇಂದ್ರಗಳಲ್ಲೂ ಒಂದೇ ಸಲ ಶುರು ಮಾಡಿ ಎಂದು ನಾನು ಕೇಳುವುದಿಲ್ಲ. ತಾಲ್ಲೂಕಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಅರವತ್ತೈದು ದಾಟಿದವರಿಗೆ ಮಾತ್ರ, ಮೂರು ತಿಂಗಳು ಮಾಡಿ ನೋಡಿ. ಬಿಪಿ ಕಾರ್ಡಿನಲ್ಲಿ ಈಗ ಇರುವ ಒಂದು ಖಾನೆಯ ಪಕ್ಕ ನಿಂತಾಗ ಎಂದು ಇನ್ನೊಂದು ಖಾನೆ ಅಚ್ಚು ಹಾಕಿಸಿ. ಖಾನೆ ಇದ್ದರೆ ತುಂಬುತ್ತಾರೆ, ಇಲ್ಲದಿದ್ದರೆ ಯಾರೂ ನೋಡುವುದಿಲ್ಲ, ಇದು ನಾನು ಕೆಲಸದಲ್ಲಿ ಕಂಡ ಮಾತು. ಜಿಲ್ಲೆಯಲ್ಲಿ ನನ್ನ ಹಾಗೆ ನಿವೃತ್ತರಾಗಿ ಮನೆಯಲ್ಲಿರುವ ನರ್ಸ್‌ಗಳು ಬಹಳ ಜನ ಇದ್ದಾರೆ. ಹೊಸ ಸಿಬ್ಬಂದಿಗೆ ತೋರಿಸಿಕೊಡಲು, ರೇಷನ್ ದಿನ ಕುರ್ಚಿ ಪಕ್ಕ ನಿಲ್ಲಲು ನಮ್ಮನ್ನು ಕರೆಯಿರಿ. ಸಂಬಳ ಬೇಡ, ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಆಲೂರು ತಾಲ್ಲೂಕಿನ ಒಬ್ಬ ನಿವೃತ್ತ ನರ್ಸ್